ಈ ವರ್ಷ ಮಾತ್ರ

ಖರ್ಚು ಬರೆದಿಡುವ ನನ್ನ ಎಕ್ಸೆಲ್ ಶೀಟಿಗೆ ಈಗ 11 ವರ್ಷ. ಹೋದ ತಿಂಗಳು ಒಂದು ಭಾನುವಾರ ಬೇರೆ ಕೆಲಸವಿಲ್ಲದೆ ಅದನ್ನು ಮೊದಲಿನಿಂದ ಓದುತ್ತಾ ಕೂತೆ. ಬಾಡಿಗೆ, ಕರೆಂಟು, ದಿನಸಿ, ಶಾಲೆ ಫೀಸು, ಪೆಟ್ರೋಲು. ಎಲ್ಲವೂ ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಬೆಳೆದಿವೆ. ಕಟ್ಟಕಡೆಗೆ ಒಂದು ಸಾಲು ಇದೆ. ಅದರ ಹೆಸರು 'ಇತರೆ'. ಅದರ ಪಕ್ಕ ಷರಾ ಬರೆಯಲು ಒಂದು ಕಾಲಂ ಮಾಡಿಕೊಂಡಿದ್ದೆ.

ಮೊದಲ ವರ್ಷದ ಷರಾ: "ರೂಟ್ ಕೆನಾಲ್. ಈ ವರ್ಷ ಮಾತ್ರ."

ಎರಡನೇ ವರ್ಷ: "ಲ್ಯಾಪ್‌ಟಾಪ್ ಸತ್ತಿತು. ಈ ವರ್ಷ ಮಾತ್ರ."

ಮೂರನೇ ವರ್ಷ ತಂಗಿಯ ಮದುವೆ. ನಾಲ್ಕನೇ ವರ್ಷ ಬಚ್ಚಲುಮನೆ ಗೋಡೆಯ ಸೋರಿಕೆ. ಐದನೇ ವರ್ಷ ಮತ್ತೆ ಹಲ್ಲು, ಈ ಸಲ ಹೆಂಡತಿಯದ್ದು. ಪ್ರತಿಯೊಂದರ ಮುಂದೆಯೂ ಅದೇ ಮೂರು ಪದ. ಹನ್ನೊಂದು ವರ್ಷದಲ್ಲಿ 'ಈ ವರ್ಷ ಮಾತ್ರ' ಎಂದು ಬರೆಯದ ವರ್ಷ ಒಂದೂ ಇಲ್ಲ.

ಓದುತ್ತಾ ನಗು ಬಂತು. ಆಮೇಲೆ ನಗು ನಿಂತಿತು. ಯಾಕೆಂದರೆ ನಿವೃತ್ತಿಗೆ ಎಷ್ಟು ಹಣ ಬೇಕು ಎಂದು ಲೆಕ್ಕ ಹಾಕುವಾಗಲೆಲ್ಲ ನಾನು ಆ ಸಾಲನ್ನು ಬಿಟ್ಟೇ ಲೆಕ್ಕ ಹಾಕಿದ್ದೆ. ಅದು ಮಾಮೂಲಿ ಖರ್ಚಲ್ಲವಲ್ಲ, ಆ ವರ್ಷದ್ದು ಆ ವರ್ಷಕ್ಕೇ ಮುಗಿಯಿತಲ್ಲ, ಅಂತ. ಈಗ ಹನ್ನೊಂದೂ ವರ್ಷದ್ದನ್ನು ಕೂಡಿಸಿ ನೋಡಿದರೆ ಒಟ್ಟು ಖರ್ಚಿನಲ್ಲಿ ನೂರಕ್ಕೆ 18 ಪಾಲು 'ಇತರೆ'ಯದ್ದು.

ಇದು ಎಷ್ಟು ದೊಡ್ಡ ತಪ್ಪು ಎಂದು ಹೇಳಬೇಕಾದರೆ ನಾನು ದುಡ್ಡು ಎಣಿಸುವ ರೀತಿ ಹೇಳಬೇಕು. ದುಡ್ಡನ್ನು ದುಡ್ಡಿನ ಲೆಕ್ಕದಲ್ಲಿ ಎಣಿಸುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ವರ್ಷದ ಲೆಕ್ಕದಲ್ಲಿ ಎಣಿಸುತ್ತೇನೆ. ಕೂಡಿಟ್ಟ ಒಟ್ಟು ಹಣವನ್ನು ಒಂದು ವರ್ಷದ ಖರ್ಚಿನಿಂದ ಭಾಗಿಸಿದರೆ ಬರುವುದು ವರ್ಷ. ನನ್ನ ಬಳಿ ಇಷ್ಟು ಹಣ ಇದೆ ಎನ್ನುವ ಬದಲು ಇಷ್ಟು ವರ್ಷ ಇದೆ ಎನ್ನಬಹುದು. ಸಂಬಳ ಎಷ್ಟೇ ಇರಲಿ, ಯಾವ ದೇಶದ ನೋಟೇ ಆಗಿರಲಿ, ಈ ಲೆಕ್ಕ ಎಲ್ಲರಿಗೂ ಒಂದೇ. ದುಡಿಮೆ ಬಿಡಲು ಸಾಮಾನ್ಯವಾಗಿ ಹೇಳುವ ಗುರಿ 25 ವರ್ಷ. ಖರ್ಚಿನಲ್ಲಿ ನೂರಕ್ಕೆ 18 ಪಾಲು ಬಿಟ್ಟು ಲೆಕ್ಕ ಹಾಕಿದವನ 25 ವರ್ಷ ನಿಜಕ್ಕೂ ಇಪ್ಪತ್ತೂವರೆ ವರ್ಷ. ನಾಲ್ಕೂವರೆ ವರ್ಷ ನನ್ನ ಷರಾ ಕಾಲಂನಲ್ಲಿ ಮಾಯವಾಗಿತ್ತು.

ಈ 25 ಎಲ್ಲಿಂದ ಬಂತು ಎನ್ನುವುದು ಒಂದು ಚೆಂದದ ಕಥೆ. ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಒಂದು ಲೇಖನ ಬರೆದರು. ಅವರು ಓದಿದ್ದು ವಿಮಾನ ಎಂಜಿನಿಯರಿಂಗ್. ಆಮೇಲೆ ಕೆಲ ಕಾಲ ಮನೆಯವರ ತಂಪು ಪಾನೀಯ ಬಾಟ್ಲಿಂಗ್ ವ್ಯಾಪಾರ ನೋಡಿಕೊಂಡಿದ್ದವರು. ಹಣಕಾಸು ಅವರ ಮೂರನೇ ಬದುಕು. ಅವರ ಪ್ರಶ್ನೆ ಸರಳವಾಗಿತ್ತು. ಒಬ್ಬ ಮನುಷ್ಯ ಇಡುಗಂಟನ್ನು ಷೇರು ಮತ್ತು ಬಾಂಡಿನಲ್ಲಿ ಹಾಕಿ ಕೆಲಸ ಬಿಟ್ಟ ಅಂತಿಟ್ಟುಕೊಳ್ಳಿ. ಮೊದಲ ವರ್ಷ ಗಂಟಿನ ಇಷ್ಟು ಪಾಲು ತೆಗೆದ. ಆಮೇಲೆ ಪ್ರತಿ ವರ್ಷ ಬೆಲೆ ಏರಿದಷ್ಟೇ ಆ ಮೊತ್ತ ಏರಿಸುತ್ತಾ ಹೋದ. ಗಂಟು 30 ವರ್ಷವಾದರೂ ಬಾಳಬೇಕಾದರೆ ಮೊದಲ ವರ್ಷ ಎಷ್ಟು ತೆಗೆಯಬಹುದು?

ಸರಾಸರಿ ಹಿಡಿದು ಭಾಗಿಸಿದ್ದರೆ ಉತ್ತರ ಐದು ನಿಮಿಷದಲ್ಲಿ ಸಿಗುತ್ತಿತ್ತು. ಬೆಂಗೆನ್ ಹಾಗೆ ಮಾಡಲಿಲ್ಲ. 1926ರಿಂದ ಈಚೆಗಿನ ಅಮೆರಿಕದ ಅಂಕಿಅಂಶ ತೆಗೆದುಕೊಂಡು, ಈ ವರ್ಷ ಕೆಲಸ ಬಿಟ್ಟಿದ್ದರೆ ಏನಾಗುತ್ತಿತ್ತು, ಮುಂದಿನ ವರ್ಷ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಒಂದೊಂದೇ ವರ್ಷವನ್ನು ಪರೀಕ್ಷೆ ಮಾಡಿದರು. ಅತಿ ಕೆಟ್ಟ ಗಳಿಗೆಯಲ್ಲಿ ಬಿಟ್ಟವನಿಗೂ 30 ವರ್ಷ ಬಾಳಿದ ಪಾಲು ನೂರಕ್ಕೆ 4ರ ಆಸುಪಾಸು. ನೂರನ್ನು ನಾಲ್ಕರಿಂದ ಭಾಗಿಸಿದರೆ 25. ಅಷ್ಟೇ. 'ನಾಲ್ಕರ ನಿಯಮ' ಎಂದು ಅದಕ್ಕೆ ಹೆಸರು ಬಂತು. ಮುಂದೆ ಇನ್ನಷ್ಟು ಬಗೆಯ ಷೇರುಗಳನ್ನು ಸೇರಿಸಿ ನೋಡಿ ಬೆಂಗೆನ್ ತಾವೇ ಆ ಅಂಕಿಯನ್ನು ತುಸು ಮೇಲಕ್ಕೆ ತಂದರು. ಆದರೂ ಜನರ ಬಾಯಲ್ಲಿ ಉಳಿದದ್ದು ನಾಲ್ಕೇ.

ನಾನು ಈ ನಿಯಮವನ್ನು ಕೇಳಿದಾಗ ನನಗೆ ಹಿಡಿಸಿದ್ದು ಅದರ ಇನ್ನೊಂದು ಮಗ್ಗುಲು. ಗುರಿ ಖರ್ಚಿನ 25 ಪಟ್ಟು ಎಂದ ಮೇಲೆ, ಖರ್ಚು ಇಳಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಉಳಿತಾಯ ಹೆಚ್ಚುತ್ತದೆ, ಗುರಿ ಹತ್ತಿರ ಬರುತ್ತದೆ. ಬೆಲೆ ಏರಿಕೆ ಕಳೆದು ವರ್ಷಕ್ಕೆ ಶೇ 5ರಷ್ಟು ಗಳಿಕೆ ಎಂದಿಟ್ಟುಕೊಂಡು ಲೆಕ್ಕ ಮಾಡಿ ನೋಡಿ. ಸಂಬಳದಲ್ಲಿ ನೂರಕ್ಕೆ 10 ಉಳಿಸುವವನು ಸೊನ್ನೆಯಿಂದ 25 ವರ್ಷದ ಗಂಟು ಮಾಡಲು 51 ವರ್ಷ ದುಡಿಯಬೇಕು. ನೂರಕ್ಕೆ 25 ಉಳಿಸುವವನು 32 ವರ್ಷ. ಅರ್ಧಕ್ಕರ್ಧ ಉಳಿಸುವವನು 17 ವರ್ಷಕ್ಕಿಂತ ತುಸು ಕಮ್ಮಿ. ಸಂಬಳ ಎಷ್ಟು ಎನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ ನೋಡಿ. (ಸಂಬಳ ಕಮ್ಮಿ ಇದ್ದವರು ಅರ್ಧ ಉಳಿಸುವುದು ಹೇಗೆ ಎಂದು ಕೇಳಬೇಡಿ. ಅದಕ್ಕೆ ಎಕ್ಸೆಲ್‌ನಲ್ಲಿ ಉತ್ತರವಿಲ್ಲ. ಈ ವಿಷಯ ಬರೆಯುವವರಲ್ಲಿ ಹೆಚ್ಚಿನವರು ಚೆನ್ನಾಗಿ ದುಡಿಯುವವರು, ನಾನೂ ಸೇರಿ. ಬಿಗಿ ಹಿಡಿಯಲು ಕೈಯಲ್ಲಿ ಏನಾದರೂ ಇರಬೇಕಲ್ಲ.)

ಹೀಗೆ ಶೇ 5 ಎಂದಿಟ್ಟುಕೊಂಡು ವರ್ಷಗಟ್ಟಲೆ ಲೆಕ್ಕ ಮಾಡಿದೆ. ಶೀಟಿನ ಒಂದು ಕೋಶದಲ್ಲಿ 5 ಎಂದು ಬರೆದು, ಕೆಳಗೆ ಎಳೆದುಬಿಟ್ಟರೆ ಸಾಕು, 40 ವರ್ಷದ ಭವಿಷ್ಯ ಒಂದೇ ಕ್ಷಣದಲ್ಲಿ ತುಂಬಿಕೊಳ್ಳುತ್ತದೆ. ಎಂಥ ಸುಖ ಅದು! ಆದರೆ ಮಾರುಕಟ್ಟೆಗೂ ಒಂದು 'ಇತರೆ' ಸಾಲು ಇದೆ. ಅಮೆರಿಕದ 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕವನ್ನೇ ತೆಗೆದುಕೊಳ್ಳಿ. ಲಾಭಾಂಶ ಸೇರಿಸಿದರೆ ಅದರ ದೀರ್ಘ ಕಾಲದ ಸರಾಸರಿ ವರ್ಷಕ್ಕೆ ಶೇ 10ರ ಹತ್ತಿರ, ಬೆಲೆ ಏರಿಕೆ ಕಳೆಯುವ ಮೊದಲು. 2008ರಲ್ಲಿ ಅದು ಶೇ 37 ಬಿತ್ತು. 2009ರಲ್ಲಿ ಶೇ 26 ಏರಿತು. 2011ರಲ್ಲಿ ಬರೀ 2. 2013ರಲ್ಲಿ 32. ಎಲ್ಲಿದೆ ಹತ್ತು? ಪ್ರತಿ ವರ್ಷದ ಪಕ್ಕದಲ್ಲೂ ಒಂದು ಷರಾ ಬರೆಯಬಹುದು: ಬ್ಯಾಂಕು ಮುಳುಗಿತು, ಈ ವರ್ಷ ಮಾತ್ರ. ಸಾಂಕ್ರಾಮಿಕ ಬಂತು, ಈ ವರ್ಷ ಮಾತ್ರ. ಯುದ್ಧ ಶುರುವಾಯಿತು, ಈ ವರ್ಷ ಮಾತ್ರ.

ಏರಿಳಿತ ಇದ್ದರೇನಂತೆ, ಕೊನೆಗೆ ಸರಾಸರಿ ಬಂದರೆ ಸಾಕಲ್ವಾ? ಹಣ ಕೂಡಿಡುವ ತನಕ ಹೆಚ್ಚುಕಮ್ಮಿ ಸಾಕು. ತೆಗೆಯಲು ಶುರು ಮಾಡಿದ ದಿನದಿಂದ ಸಾಲದು. ಇದನ್ನು ನಾನು ಓದಿ ತಿಳಿದಿದ್ದೆ. ಆದರೆ ಮೂರು ವರ್ಷದ ಚಿಕ್ಕ ಲೆಕ್ಕವೊಂದನ್ನು ಕೈಯಲ್ಲೇ ಮಾಡಿದ ದಿನ ಮಾತ್ರ ಅದು ಹೊಟ್ಟೆಗೆ ಇಳಿಯಿತು. ನೀವೂ ಮಾಡಿ ನೋಡಿ.

ಇಬ್ಬರಿದ್ದಾರೆ. ಇಬ್ಬರ ಬಳಿಯೂ 25 ವರ್ಷದ ಗಂಟು. ಇಬ್ಬರೂ ವರ್ಷದ ಮೊದಲ ದಿನ ಒಂದು ವರ್ಷದ ಖರ್ಚು ತೆಗೆಯುತ್ತಾರೆ. ಮೊದಲನೆಯವನಿಗೆ ಮಾರುಕಟ್ಟೆ ಶೇ 30 ಏರುತ್ತದೆ, ಮರುವರ್ಷ 10 ಏರುತ್ತದೆ, ಮೂರನೇ ವರ್ಷ 30 ಬೀಳುತ್ತದೆ. ಎರಡನೆಯವನಿಗೆ ಇದೇ ಮೂರು ವರ್ಷ ತಿರುವುಮುರುವು: ಮೊದಲು 30 ಬೀಳುತ್ತದೆ, ಆಮೇಲೆ 10 ಏರುತ್ತದೆ, ಕೊನೆಗೆ 30 ಏರುತ್ತದೆ. ಏನೂ ತೆಗೆಯದೆ ಸುಮ್ಮನಿದ್ದಿದ್ದರೆ ಇಬ್ಬರ ಗಂಟೂ ಒಂದೇ ಕಡೆ ನಿಲ್ಲುತ್ತಿತ್ತು, ಹೊರಟಲ್ಲಿಗೇ ವಾಪಸ್. ತೆಗೆಯುವುದರಿಂದ ಏನಾಗುತ್ತದೆ? ಮೊದಲನೆಯವನ 24 ವರ್ಷ 31.2 ಆಗುತ್ತದೆ. ಒಂದು ತೆಗೆದು, ಶೇ 10 ಏರಿಸಿದರೆ 33.2. ಮತ್ತೊಂದು ತೆಗೆದು, 30 ಬೀಳಿಸಿದರೆ 22.6. ಎರಡನೆಯವನ 24 ವರ್ಷ ಮೊದಲ ಏಟಿಗೇ 16.8ಕ್ಕೆ ಕುಸಿಯುತ್ತದೆ. ಎರಡನೇ ವರ್ಷದ ಖರ್ಚು ತೆಗೆದ ಮೇಲೆ ಕೈಯಲ್ಲಿ 15.8. ವರ್ಷದ ಕೊನೆಗೆ 17.4. ಮತ್ತೊಂದು ತೆಗೆದು ಶೇ 30 ಏರಿಸಿದರೂ 21.3.

ಅದೇ ಮೂರು ವರ್ಷ, ಅದೇ ಸರಾಸರಿ. ಒಬ್ಬನ ಬಳಿ ಒಂದೂಕಾಲು ವರ್ಷದ ಬದುಕು ಜಾಸ್ತಿ ಉಳಿದಿದೆ. ಬಿದ್ದ ಷೇರನ್ನು ಹೊಟ್ಟೆಪಾಡಿಗೆ ಮಾರಿದವನ ಬಳಿ, ಅದು ಏಳುವ ಹೊತ್ತಿಗೆ ಏಳಲು ಷೇರೇ ಇರುವುದಿಲ್ಲ. ಇಂಥ ಎರಡು ಮೂರು ಏಟು ಮೊದಲ ಹತ್ತು ವರ್ಷದಲ್ಲೇ ಬಿದ್ದರೆ ಉಳಿದ ಇಪ್ಪತ್ತು ವರ್ಷ ಎಷ್ಟೇ ಚೆನ್ನಾಗಿದ್ದರೂ ಗಂಟು ಚೇತರಿಸಿಕೊಳ್ಳುವುದು ಕಷ್ಟ. ಆದರೆ ನನ್ನನ್ನು ಕಾಡಿದ್ದು ಕೊನೆಯ ಅಂಕಿಗಿಂತ ನಡುವಿನ ಆ 15.8. ಕೆಲಸ ಬಿಟ್ಟು ಒಂದೇ ವರ್ಷ ಆಗಿದೆ. 25 ಇದ್ದದ್ದು 15.8 ಆಗಿದೆ. ಮುಂದೆ ಏರುತ್ತದೆ ಎಂದು ಶೀಟು ನೋಡುತ್ತಿರುವ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನಿಗೆ ರಾತ್ರಿ ನಿದ್ದೆ ಬರುತ್ತದಾ?

ನನಗಂತೂ ಬರುವುದಿಲ್ಲ. ಇದು ಊಹೆಯಲ್ಲ. 2020ರ ಫೆಬ್ರುವರಿ 19ರಿಂದ ಮಾರ್ಚ್ 23ರ ನಡುವೆ ಎಸ್ ಅಂಡ್ ಪಿ 500 ಮೂರರಲ್ಲಿ ಒಂದು ಪಾಲು ಕುಸಿಯಿತು. ಎಲ್ಲ ಕಡೆಯ ಮಾರುಕಟ್ಟೆಗಳೂ ಜೊತೆಗೇ ಬಿದ್ದವು. ಆಗ ನಾನು ದುಡಿಯುತ್ತಿದ್ದೆ. ಗಂಟಿನಿಂದ ಒಂದು ಕಾಸೂ ತೆಗೆಯಬೇಕಾಗಿರಲಿಲ್ಲ. ಆದರೂ ಮಾರ್ಚ್ ಮೂರನೇ ವಾರ, ರಾತ್ರಿ ಹನ್ನೊಂದೂವರೆಗೆ, ಹಾಸಿಗೆಯಲ್ಲಿ ಮಲಗಿಕೊಂಡೇ, ಫೋನಿನ ಬೆಳಕಿನಲ್ಲಿ, ಷೇರಿನಲ್ಲಿದ್ದ ಹಣದಲ್ಲಿ ಅರ್ಧಕ್ಕೆ ಮಾರಾಟದ ಆರ್ಡರ್ ಹಾಕಿದೆ. ಒತ್ತಿದ ಮೇಲೆ ಎಷ್ಟು ಹಗುರ ಅನ್ನಿಸಿತು ಅಂದರೆ, ಹತ್ತೇ ನಿಮಿಷಕ್ಕೆ ನಿದ್ದೆ ಬಂತು. ಹೆಚ್ಚುಕಮ್ಮಿ ತಳದಲ್ಲೇ ಮಾರಿದ್ದೆ. ಆಗಸ್ಟ್ ಹೊತ್ತಿಗೆ ಆ ಸೂಚ್ಯಂಕ ಹಳೆಯ ಎತ್ತರವನ್ನೇ ದಾಟಿತ್ತು. ನಾನು ಮತ್ತೆ ಕೊಂಡದ್ದು ನವೆಂಬರಿನಲ್ಲಿ. ಆ ವರ್ಷದ ಷರಾ ಕಾಲಂ ನೋಡಿದರೆ ಈಗ ಮುಖ ಬಿಸಿಯಾಗುತ್ತದೆ: "ಪರಿಸ್ಥಿತಿ ಬೇರೆಯೇ ಇದೆ. ಈ ವರ್ಷ ಮಾತ್ರ."

ಇತಿಹಾಸದಲ್ಲೂ ಒಂದು ವಿಚಿತ್ರ ಇದೆ. ಅಮೆರಿಕದಲ್ಲಿ ಕೆಲಸ ಬಿಡಲು ಅತಿ ಕೆಟ್ಟ ವರ್ಷ ಯಾವುದು ಎಂದು ಕೇಳಿದರೆ ಎಲ್ಲರೂ 1929 ಎನ್ನುತ್ತಾರೆ. ಮಹಾ ಕುಸಿತದ ವರ್ಷ. ಆದರೆ ಬೆಂಗೆನ್ ಲೆಕ್ಕದ ಪ್ರಕಾರ ಅದಕ್ಕಿಂತ ಕೆಟ್ಟದ್ದು 1960ರ ದಶಕದ ಉತ್ತರಾರ್ಧ. 1929ರ ನಂತರ ಷೇರಿನ ಜೊತೆ ಸಾಮಾನಿನ ಬೆಲೆಯೂ ಬಿತ್ತು. ಗಂಟು ಕರಗಿದರೂ ಖರ್ಚು ಕೂಡ ಇಳಿಯಿತು. 1960ರ ದಶಕದ ಕೊನೆಯಲ್ಲಿ ಬಿಟ್ಟವರಿಗೆ ಅಂಥ ಸದ್ದುಗದ್ದಲದ ಕುಸಿತ ತಕ್ಷಣಕ್ಕೆ ಬರಲಿಲ್ಲ. ಮಾರುಕಟ್ಟೆ ಮೊದಲು ನಿಂತಲ್ಲೇ ತೂಕಡಿಸಿತು. 1973ರಲ್ಲಿ ತೈಲದ ಬೆಲೆ ಏರಿತು, ಷೇರು ಬಿತ್ತು, ಆಮೇಲೆ ವರ್ಷಗಟ್ಟಲೆ ಹಣದುಬ್ಬರ. ಗಂಟನ್ನು ಇಲಿ ತಿಂದ ಹಾಗೆ ತಿಂದದ್ದು ಹಣದುಬ್ಬರ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷಕ್ಕೆ ಖರ್ಚು ಎರಡು ಪಟ್ಟು. (72ನ್ನು ದರದಿಂದ ಭಾಗಿಸಿದರೆ ಸಾಕು. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಐನೂರು ವರ್ಷದ ಹಳೆಯ ಲೆಕ್ಕ, ಆದರೂ ಪ್ರತಿ ಸಲ ಹೊಸದಾಗಿ ಹೆದರಿಸುತ್ತದೆ.) ಅದಕ್ಕೇ, ಹೆದರಿಕೊಂಡು ಎಲ್ಲವನ್ನೂ ಬ್ಯಾಂಕ್ ಠೇವಣಿಯಲ್ಲಿ ಇಟ್ಟುಬಿಡುತ್ತೇನೆ ಎನ್ನುವವರ ಮಾತು ನನಗೆ ಸಮಾಧಾನ ಕೊಡುವುದಿಲ್ಲ.

ಇನ್ನೊಂದು ತುದಿಯಲ್ಲಿ ಜಪಾನ್ ಇದೆ. ಅಲ್ಲಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್ ಕೊನೆಗೆ 38,915 ಮುಟ್ಟಿತ್ತು. ಆ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಮೂವತ್ತನಾಲ್ಕು ವರ್ಷ! 'ದೀರ್ಘ ಕಾಲ ಕಾದರೆ ಷೇರು ಏರಿಯೇ ಏರುತ್ತದೆ' ಎಂದು ಯಾರಾದರೂ ಧೈರ್ಯವಾಗಿ ಹೇಳಿದಾಗ ನನಗೆ ನೆನಪಾಗುವುದು 1989ರಲ್ಲಿ 55 ತುಂಬಿದ ಒಬ್ಬ ಜಪಾನಿ ನೌಕರ. ಷೇರು ಬೇಡ ಎಂದು ನಾನು ಹೇಳುತ್ತಿಲ್ಲ. ಒಂದೇ ದೇಶದ ಷೇರು ಬೇಡ ಎನ್ನುತ್ತೇನೆ, ಅಷ್ಟೇ. ನಾಲ್ಕರ ನಿಯಮವೂ ಅಮೆರಿಕದ ಇತಿಹಾಸದಿಂದ ಹುಟ್ಟಿದ್ದು, ಮತ್ತು ಇಪ್ಪತ್ತನೇ ಶತಮಾನದ ಅಮೆರಿಕ ಅದೃಷ್ಟವಂತ ದೇಶಗಳಲ್ಲಿ ಒಂದು ಎನ್ನುವುದನ್ನು ಮರೆಯಬಾರದು.

ಯಾವ ಫಂಡಿನಲ್ಲಿ ಹಾಕಬೇಕು ಎಂದು ಸ್ನೇಹಿತರು ಕೇಳುತ್ತಿರುತ್ತಾರೆ. ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಖರ್ಚು ಕಮ್ಮಿ ಇರುವ ಇಂಡೆಕ್ಸ್ ಫಂಡು (ಸೂಚ್ಯಂಕದಲ್ಲಿರುವ ಷೇರುಗಳನ್ನು ಹಾಗೆಯೇ ಕೊಳ್ಳುವ ಫಂಡು), ಮುಗಿಯಿತು. ಅಮೆರಿಕದ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಜನರಿಗಾಗಿ ಮೊದಲ ಇಂಡೆಕ್ಸ್ ಫಂಡು ತೆರೆದಾಗ 15 ಕೋಟಿ ಡಾಲರ್ ಬರಬಹುದು ಎಂದುಕೊಂಡಿದ್ದರು. ಬಂದದ್ದು 1.13 ಕೋಟಿ. ಬೋಗಲ್‌ನ ಹುಚ್ಚಾಟ ಎಂದು ಆಡಿಕೊಂಡರು. ಆಡಿಕೊಂಡವರು ಒಂದು ಲೆಕ್ಕ ಮರೆತಿದ್ದರು. ವರ್ಷಕ್ಕೆ ಶೇ 7ರಂತೆ ಬೆಳೆಯಬೇಕಾದ ಹಣದಲ್ಲಿ ಫಂಡಿನವರು ಶೇ 1 ಹಿಡಿದುಕೊಂಡರೆ, 30 ವರ್ಷಕ್ಕೆ ನಿಮ್ಮ ಗಂಟಿನ ಕಾಲು ಭಾಗ ಹೋಗಿರುತ್ತದೆ. ನನಗೂ ಒಬ್ಬ ಸಲಹೆಗಾರರು ಶೇ 2ರ ಹತ್ತಿರ ಹಿಡಿಯುವ ಫಂಡೊಂದನ್ನು ಹಿಡಿಸಿದ್ದರು. ಆರು ವರ್ಷ ಇಟ್ಟುಕೊಂಡಿದ್ದೆ. ಪ್ರತಿ ವರ್ಷ ಅವರಿಂದ ಡೈರಿ ಬರುತ್ತಿತ್ತು. ಒಳ್ಳೆಯ ಡೈರಿ. ನನ್ನ ದುಡ್ಡಿನಲ್ಲೇ ಅಚ್ಚಾದದ್ದು ಎಂದು ಹೊಳೆಯಲು ಆರು ವರ್ಷ ಬೇಕಾಯಿತು.

ಹೀಗೆ ಖರ್ಚು, ಮಾರುಕಟ್ಟೆ ಎರಡೂ ಸರಾಸರಿಯಲ್ಲಿ ನಡೆಯುವುದಿಲ್ಲ. ಮೂರನೆಯದು ಆಯಸ್ಸು. ಫ್ರಾನ್ಸಿನ ಆರ್ಲ್ ಊರಿನ ಜಾನ್ ಕಾಲ್ಮಾಂ ಎಂಬ ಅಜ್ಜಿಯ ಕಥೆ ಹಲವರಿಗೆ ಗೊತ್ತಿರಬಹುದು. 1965ರಲ್ಲಿ, ಆಕೆಗೆ 90 ವರ್ಷ ಆಗಿದ್ದಾಗ, 47ರ ವಕೀಲನೊಬ್ಬ ಆಕೆಯ ಜೊತೆ ಒಪ್ಪಂದ ಮಾಡಿಕೊಂಡ. ಆಕೆ ಬದುಕಿರುವ ತನಕ ತಿಂಗಳಿಗೆ 2,500 ಫ್ರಾಂಕ್ ಕೊಡುವುದು, ಆಕೆ ತೀರಿಕೊಂಡ ಮೇಲೆ ಮನೆ ಅವನದ್ದು. ತೊಂಬತ್ತರ ಅಜ್ಜಿ ಇನ್ನೆಷ್ಟು ವರ್ಷ, ಅಲ್ವಾ? ಮೂವತ್ತು ವರ್ಷ ಕೊಟ್ಟ. 1995ರಲ್ಲಿ 77ನೇ ವಯಸ್ಸಿಗೆ ಅವನೇ ತೀರಿಕೊಂಡ. ಮನೆಯ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು ಅಷ್ಟು ಹೊತ್ತಿಗೆ ಕೊಟ್ಟಾಗಿತ್ತು. ಮನೆಯವರು ಮುಂದುವರಿಸಿದರು. ಅಜ್ಜಿ ಹೋದದ್ದು 1997ರಲ್ಲಿ, 122 ವರ್ಷ ಬದುಕಿ.

ಎಲ್ಲರೂ ಈ ಕಥೆಯಲ್ಲಿ ವಕೀಲನನ್ನು ನೋಡಿ ನಗುತ್ತಾರೆ. ನನಗೆ ಅವನ ಲೆಕ್ಕ ತಪ್ಪು ಅನ್ನಿಸುವುದಿಲ್ಲ. ಅಂಥ ಸಾವಿರ ಅಜ್ಜಿಯರ ಜೊತೆ ಒಪ್ಪಂದ ಮಾಡಿಕೊಂಡಿದ್ದರೆ ಅವನು ಶ್ರೀಮಂತನಾಗುತ್ತಿದ್ದ. ವಿಮಾ ಕಂಪನಿಗಳು ಸಾಯುವ ತನಕ ಪಿಂಚಣಿ ಕೊಡುವುದು ಹೀಗೇ: ಬೇಗ ಹೋದವರ ಹಣದಲ್ಲಿ ತಡವಾಗಿ ಹೋಗುವವರನ್ನು ಸಾಕುತ್ತವೆ. ಸರಾಸರಿ ಎನ್ನುವುದು ಗುಂಪಿಗೆ ಇರುತ್ತದೆ. ವಕೀಲನ ಬಳಿ ಇದ್ದದ್ದು ಒಬ್ಬಳೇ ಅಜ್ಜಿ. ನನ್ನ ಬಳಿಯೂ ಒಂದೇ ಆಯಸ್ಸು, ಒಂದೇ ಸಲ ಕೆಲಸ ಬಿಡುವುದು, ಮೊದಲ ಮೂರು ವರ್ಷವೂ ಒಂದೇ ಸಲ.

ಆ ಭಾನುವಾರ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ 25 ಸಾಲಲ್ಲ, 30 ಬೇಕು ಅಂತಾನಾ?" ಎಂದಳು.

"ಮೂವತ್ತಾದ್ರೆ ಒಳ್ಳೇದು. ಆದ್ರೆ ಅದಕ್ಕೆ ಇನ್ನೂ ಎಷ್ಟೋ ವರ್ಷ ದುಡೀಬೇಕು."

"ಮಾರ್ಕೆಟ್ ಬಿದ್ದ ವರ್ಷ ಖರ್ಚು ಕಮ್ಮಿ ಮಾಡಿದ್ರೆ ಆಗಲ್ವಾ ರೀ? ಹೋದ ಸಲ ನಿಮ್ಮ ಸಂಬಳ ಕಡಿತ ಆದಾಗ ನಾವೇನು ಸತ್ತು ಹೋದ್ವಾ?"

ಅಷ್ಟು ಪುಸ್ತಕ ಓದಿದವನಿಗೆ ಇದು ಹೊಳೆದಿರಲಿಲ್ಲ ಎಂದರೆ ನಂಬುತ್ತೀರಾ? ಓದಿದ್ದೆ, ಆದರೆ ನಮ್ಮ ಮನೆಗೆ ಅನ್ವಯಿಸಿ ನೋಡಿರಲಿಲ್ಲ. ಆ 15.8ರ ಮನುಷ್ಯನ ಲೆಕ್ಕವನ್ನು ಮತ್ತೆ ತೆರೆದೆ. ಎರಡನೇ ಮತ್ತು ಮೂರನೇ ವರ್ಷ ಅವನು ಒಂದು ವರ್ಷದ ಖರ್ಚಿನ ಬದಲು ಅದರ ಐದರಲ್ಲಿ ನಾಲ್ಕು ಪಾಲು ಮಾತ್ರ ತೆಗೆದ ಎಂದಿಟ್ಟುಕೊಂಡೆ. ಕೊನೆಗೆ ಉಳಿಯುವುದು 21.3ರ ಬದಲು 21.8. ಬಿಟ್ಟುಕೊಟ್ಟದ್ದು ಎರಡು ವರ್ಷ ಸೇರಿ 0.4, ಉಳಿದದ್ದು ಅದಕ್ಕಿಂತ ಜಾಸ್ತಿ. ಬೆಂಗೆನ್‌ನ ಮನುಷ್ಯ ಮಾರುಕಟ್ಟೆ ಏನೇ ಆದರೂ ಪ್ರತಿ ವರ್ಷ ಖರ್ಚು ಏರಿಸುತ್ತಲೇ ಹೋಗುತ್ತಾನೆ. ಅಂಥ ಮನುಷ್ಯ ಎಲ್ಲಿದ್ದಾನೆ ಹೇಳಿ? ಮನೆಗೆ ಬೆಂಕಿ ಬಿದ್ದರೂ ಲೆಕ್ಕದ ಪ್ರಕಾರ ದೀಪ ಹಚ್ಚುವವನು.

ಆದರೆ ಖರ್ಚು ಇಳಿಸಬೇಕಾದರೆ ಇಳಿಸಲು ಬರುವಂಥ ಖರ್ಚು ಇರಬೇಕು. ಬಾಡಿಗೆ, ಔಷಧಿ, ವಿಮೆ, ಕಂತು ಇವು ಜಗ್ಗುವುದಿಲ್ಲ. ತೀರಾ ಬಿಗಿಯಾಗಿ ಬದುಕಿ ಬೇಗ ಕೆಲಸ ಬಿಟ್ಟವರ ಕಷ್ಟ ಇದು. ಇನ್ನು ಇಳಿಸಲು ಅವರ ಬಳಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಇಬ್ಬರೂ ಕೂತು ಖರ್ಚಿನ ಒಂದೊಂದು ಸಾಲಿನ ಮುಂದೆ 'ಬಗ್ಗುತ್ತದೆ', 'ಬಗ್ಗುವುದಿಲ್ಲ' ಎಂದು ಬರೆದೆವು. ಪ್ರವಾಸ ಬಗ್ಗುತ್ತದೆ ಎಂದು ಅವಳೇ ಹೇಳಿದಳು. ನನ್ನ ಕ್ಯಾಮೆರಾ ಲೆನ್ಸುಗಳು ಬಗ್ಗುತ್ತವೆ ಎಂದೂ ಅವಳೇ ಹೇಳಿದಳು. ಅದರ ಬಗ್ಗೆ ಮಾತುಕತೆ ಇನ್ನೂ ನಡೆಯುತ್ತಿದೆ.

ಇದರ ಜೊತೆಗೆ, ಕೆಲಸ ಬಿಡುವ ದಿನಕ್ಕೆ ಮೂರು ವರ್ಷದ ಖರ್ಚನ್ನು ಠೇವಣಿ ಮತ್ತು ಕಡಿಮೆ ಅವಧಿಯ ಬಾಂಡಿನಲ್ಲಿ ಇಡಬೇಕು ಎಂದು ತೀರ್ಮಾನಿಸಿದೆವು. ಆ ಹಣ ಹೆಚ್ಚು ಬೆಳೆಯುವುದಿಲ್ಲ, ಗೊತ್ತು. ಸರಾಸರಿ ಲೆಕ್ಕದಲ್ಲಿ ನಷ್ಟವೇ ಎಂದು ವಾದಿಸುವವರಿದ್ದಾರೆ. ಅವರು ಹೇಳುವುದು ಸರಿ ಇರಬಹುದು. ಆದರೆ ರಾತ್ರಿ ಹನ್ನೊಂದೂವರೆಗೆ ಫೋನ್ ಹಿಡಿದು ಮಲಗಿದ ಆ ಮನುಷ್ಯನನ್ನು ನಾನು ಹತ್ತಿರದಿಂದ ಬಲ್ಲೆ. ಮೂರು ವರ್ಷ ಅವನು ಏನನ್ನೂ ಮಾರಬೇಕಾಗಿಲ್ಲ ಎಂದು ಅವನಿಗೆ ಗೊತ್ತಿರಬೇಕು.

ಶೀಟಿನಲ್ಲಿ 'ಇತರೆ' ಎಂಬ ಸಾಲನ್ನು ತೆಗೆದಿದ್ದೇನೆ. ಅದೇ ಜಾಗದಲ್ಲಿ ಈಗ 'ಈ ವರ್ಷ ಮಾತ್ರ' ಎಂದು ಇದೆ, ಬಾಡಿಗೆ ಮತ್ತು ಕರೆಂಟಿನ ಸಾಲಿನಲ್ಲಿ ಅದೂ ಒಂದು ಮಾಮೂಲಿ ಖರ್ಚು. ಹನ್ನೊಂದು ವರ್ಷದ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಹಾಕಿದ್ದೇನೆ. ಹಾಕಿದ ಕೂಡಲೇ ಕೆಳಗಿನ ಅಂಕಿಗಳೆಲ್ಲ ಬದಲಾದವು. ಕೆಲಸ ಬಿಡುವ ವರ್ಷ ನಾಲ್ಕು ವರ್ಷ ಮುಂದಕ್ಕೆ ಹೋಯಿತು. ಬಗ್ಗುವ ಖರ್ಚಿನ ಲೆಕ್ಕ ಸೇರಿಸಿದ ಮೇಲೆ ಎರಡು ವರ್ಷ ವಾಪಸ್ ಬಂತು.

ಷರಾ ಕಾಲಂ ಈ ವರ್ಷ ಖಾಲಿ ಇದೆ. ಹೋದ ವಾರದಿಂದ ವಾಷಿಂಗ್ ಮಷೀನು ತಿರುಗುವಾಗ ಒಳಗೆ ಯಾರೋ ಚಮಚ ಬಿಟ್ಟ ಹಾಗೆ ಸದ್ದು ಮಾಡುತ್ತಿದೆ. ಚಮಚ ಇಲ್ಲ, ನೋಡಿದೆ.